ಸಮೂಹವ್ಯವಹಾರವೂ ಕಾಲಪರಿಮಿತಿಯೂ

ತನ್ನ ಕಣ್ಣೆದುರಿಗೇ ಪರರು ತನ್ನ ಸ್ವತ್ತನ್ನು ಅನುಭವಿಸುತ್ತಿದ್ದರೂ ಬಹುಕಾಲ ಸುಮ್ಮನಿದ್ದ ಒಡೆಯನಿಗೆ ಒದಗುವ ಹಾನಿ ಯಾವುದು? ಅನೇಕರಿಗೆ ಸಮಾನವಾದ ಅನ್ಯಾಯವಾದಾಗ ಅವರಲ್ಲೊಬ್ಬನು ಎಲ್ಲರ ಪರವಾಗಿ ನ್ಯಾಯಸ್ಥಾನವನ್ನು ಸೇರಿದರೆ ಮಿಕ್ಕವರ ಮೌನವು ಮೌನವೆನಿಸುವುದೇ? ಮೊದಲನೆಯ ಪ್ರಶ್ನೆಯನ್ನು ನಮ್ಮ ಧರ್ಮಶಾಸ್ತ್ರಕಾರರು ವಿಸ್ತಾರವಾಗಿ ಚರ್ಚಿಸಿರುವರು. ಎರಡನೆಯದು ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಇವೆರಡರ ಉತ್ತರಕ್ಕೂ ಬೀಜವೊಂದೇ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವು.

ಒಡೆಯನು ನೋಡುತ್ತ, ಆಕ್ಷೇಪವನ್ನು ನುಡಿಯದೆ ಇದ್ದರೆ ಭೂಮಿಯ ವಿಷಯದಲ್ಲಿ ೨೦ ವರ್ಷಗಳಿಗೂ ಧನದ ವಿಷಯದಲ್ಲಿ ೧೦ ವರ್ಷಗಳಿಗೂ ಹಾನಿಯುಂಟಾಗುವುದೆಂದು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ವಿಧಿಸುತ್ತದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಹೇಳಿರುವುದು ೧೦ ವರ್ಷಗಳ ಅವಧಿಯನ್ನು. ಈ ‘ಹಾನಿ’ ಶಬ್ದದ ಅರ್ಥವೇನು? ಒಡೆತನವೇ ಹೋಗುವುದೋ, ವ್ಯವಹಾರ ಹೂಡುವ ಅಧಿಕಾರ ಹೋಗುವುದೋ, ಅಥವಾ ಬೇರೊಂದೋ?

ಕಲ್ಯಾಣದ ಚಾಲುಕ್ಯಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಈ ಪಕ್ಷಗಳನ್ನು ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸುವನು. ದಾನವಿಕ್ರಯಗಳಿಂದ ಸ್ವತ್ವವು ನಿವೃತ್ತವಾಗುವುದು ಲೋಕಪ್ರಸಿದ್ಧ. ಸುಮ್ಮನಿರುವುದರಿಂದ ನಿವೃತ್ತವಾಗುವುದು ಎಲ್ಲಿಯೂ ಪ್ರಸಿದ್ಧವಲ್ಲ. ಅನುಭವವು ಸ್ವತ್ವಕ್ಕೆ ಪ್ರಮಾಣವಾದೀತೇ ಹೊರತು ತಾನೇ ಸ್ವತ್ವವನ್ನು ಹುಟ್ಟಿಸಲಾರದು. ಆದುದರಿಂದ ನಷ್ಟವಾಗುವುದು ಫಲವೊಂದೇ ಎಂಬುದು ಅವನ ಸಿದ್ಧಾಂತ. ಒಡೆಯನಿಗೆ ಭೂಮಿ ಮರಳಿ ದೊರೆತರೂ ಇತರರು ಉಂಡ ಬೆಳೆ ದೊರೆಯದು. ಇದಕ್ಕೆ ಕಾರಣ ಅವನ ಸ್ವಂತ ಅಪರಾಧವಾದ ಉಪೇಕ್ಷೆ. ಪರೋಕ್ಷದಲ್ಲಿ ನಡೆದ ಅನುಭವದಿಂದಲೂ, ಪ್ರತ್ಯಕ್ಷದಲ್ಲಿ ನಡೆದರೂ ಒಡೆಯನು ಕೂಗಿಕೊಂಡ ಅನುಭವದಿಂದಲೂ, ೨೦ ವರ್ಷಗಳು ಕಳೆದಿದ್ದರೂ ಫಲಹಾನಿಯಿಲ್ಲ.

ಇದಕ್ಕಿಂತಲೂ ಮನನೀಯವಾದುದು ಮುಂದಿನ ಶ್ಲೋಕದ ವ್ಯಾಖ್ಯಾನ. ಒತ್ತೆ, ಎಲ್ಲೆ, ಜಡರ ಮತ್ತು ಬಾಲರ ಧನ, ರಾಜನ, ಸ್ತ್ರೀಯರ, ಶ್ರೋತ್ರಿಯರ ಸ್ವತ್ತು ಮೊದಲಾದವುಗಳಿಗೆ ಈ ನಿಯಮವು ಅನ್ವಯಿಸದು. ಮೂಲದಲ್ಲಿರುವುದು ಬರಿಯ ಪಟ್ಟಿ. ಅದಕ್ಕೆ ಹೇತುಗಳನ್ನು ಕೊಟ್ಟವನು ವಿಜ್ಞಾನೇಶ್ವರನು. ರಾಜನು ಬಹುಕಾರ್ಯವ್ಯಾಕುಲನು, ಶ್ರೋತ್ರಿಯನು ಅಧ್ಯಯನ ಅಧ್ಯಾಪನಗಳಲ್ಲಿ ಮಗ್ನನು, ಬಾಲನು ಅಸಮರ್ಥನು. ಇಂಥವರ ಉಪೇಕ್ಷೆಯು ಯುಕ್ತವೇ ಎಂಬುದು ಅವನ ಅಭಿಪ್ರಾಯ. ಇದರಿಂದ ಫಲಿತವಾದ ಅರ್ಥವೇನೆಂದರೆ, ಕಾಲವು ತಾನಾಗಿಯೇ ಯಾರ ಹಕ್ಕನ್ನೂ ತಿನ್ನುವುದಿಲ್ಲ. ಸಕಾರಣವಲ್ಲದ ಮೌನಕ್ಕೆ ಮಾತ್ರವೇ ದಂಡ.

ಇನ್ನು ಸಮೂಹದ ವಿಚಾರ. ಅದೇ ಅಧ್ಯಾಯದ ಸಂವಿದ್ವ್ಯತಿಕ್ರಮಪ್ರಕರಣದಲ್ಲಿ ಶ್ರೇಣಿ, ನೈಗಮ, ಪಾಷಂಡಿ, ಗಣಗಳ ಧರ್ಮವನ್ನು ಹೇಳಿದೆ. ಸಮೂಹಕಾರ್ಯಕ್ಕಾಗಿ ಕಳುಹಿಸಲ್ಪಟ್ಟವನು ತನಗೆ ದೊರೆತುದನ್ನು ಸಮೂಹಕ್ಕೊಪ್ಪಿಸಬೇಕು. ತಾನಾಗಿ ಒಪ್ಪಿಸದಿದ್ದರೆ ಹನ್ನೊಂದರಷ್ಟು ದಂಡ. ಒಬ್ಬನು ಹಲವರಿಗಾಗಿ ಹೋಗುವುದನ್ನೂ, ಹೋದವನು ಹಲವರಿಗೆ ಹೊಣೆಯಾಗುವುದನ್ನೂ ಸ್ಮೃತಿಕಾರನು ಬಲ್ಲನು. ಆದರೆ ಕಾಲಪ್ರಕರಣವನ್ನೂ ಸಮೂಹಪ್ರಕರಣವನ್ನೂ ಸ್ಮೃತಿಯು ಜೋಡಿಸಿಲ್ಲ. ಈಗಿನ ಸಮೂಹದಾವೆಯೇ ಅಲ್ಲಿತ್ತೆಂದು ಸಾಧಿಸಹೊರಡುವುದು ಪಂಡಿತರಿಗೆ ತಕ್ಕುದಲ್ಲ.

ಈಗಿನ ಭಾರತದ ವಿಧಿಗಳಲ್ಲಿಯೂ ಇವು ಬೇರೆಬೇರೆಯಾಗಿಯೇ ಬೆಳೆದುವು. ಸಮಾನಹಿತವುಳ್ಳ ಅನೇಕರ ಪರವಾಗಿ ಒಬ್ಬನು ನ್ಯಾಯಾಲಯದ ಅನುಮತಿಯಿಂದ ದಾವೆ ಹೂಡಬಹುದೆಂದು ೧೯೦೮ರ ಸಿವಿಲ್ ಪ್ರಕ್ರಿಯಾಸಂಹಿತೆಯ ಒಂದನೆಯ ಆದೇಶದ ಎಂಟನೆಯ ನಿಯಮವು ಹೇಳುತ್ತದೆ. ೧೯೬೩ರ ಕಾಲಪರಿಮಿತಿ ಅಧಿನಿಯಮದ ೨೭ನೆಯ ಪ್ರಕರಣವಾದರೋ, ಸ್ವತ್ತಿನ ಸ್ವಾಧೀನಕ್ಕೆ ದಾವೆ ಹೂಡುವ ಅವಧಿ ಕಳೆದೊಡನೆ ಸ್ವತ್ವವೇ ನಷ್ಟವಾಗುವುದೆಂದು ವಿಧಿಸಿ ವಿಜ್ಞಾನೇಶ್ವರನ ಮತಕ್ಕೆ ನೇರವಾಗಿ ಎದುರು ನಿಲ್ಲುತ್ತದೆ. ಅದೇ ಅಧಿನಿಯಮದ ೨೧ನೆಯ ಪ್ರಕರಣದಂತೆ, ತಡವಾಗಿ ಸೇರಿದ ವಾದಿಯ ಪಾಲಿಗೆ ದಾವೆಯು ಅವನು ಸೇರಿದ ದಿನವೇ ಹುಟ್ಟಿದುದಾಗುತ್ತದೆ. ಸದ್ಭಾವದ ತಪ್ಪಿನಿಂದ ಅವನು ಬಿಟ್ಟುಹೋಗಿದ್ದರೆ ಮಾತ್ರ ನ್ಯಾಯಾಲಯವು ಹಿಂದಿನ ದಿನವನ್ನು ಕೊಡಬಹುದು.

ಎರಡು ಎಳೆಗಳೂ ಒಂದೆಡೆ ಸೇರಿ ತೊಡಕಾದುದನ್ನು ಅಮೆರಿಕದ ಒಂದು ವ್ಯಾಜ್ಯದಲ್ಲಿ ಸ್ಪಷ್ಟವಾಗಿ ಕಾಣಬಹುದು. ಉಕ್ಕಿನ ಮತ್ತು ಕಾಂಕ್ರೀಟಿನ ಕೊಳವೆಗಳ ಬೆಲೆಯನ್ನು ತಯಾರಕರು ಸಂಚು ಹೂಡಿ ಏರಿಸಿದರೆಂದು ಯೂಟಾ ಸಂಸ್ಥಾನವು ೧೯೬೯ರಲ್ಲಿ, ಅವಧಿಗೆ ೧೧ ದಿನಗಳು ಮಾತ್ರ ಉಳಿದಿರುವಾಗ, ಕೊಂಡ ಸಾರ್ವಜನಿಕ ಸಂಸ್ಥೆಗಳ ಪರವಾಗಿ ದಾವೆ ಹೂಡಿತು. ಕೆಲವು ತಿಂಗಳ ಮೇಲೆ, ಸಮೂಹವೆನ್ನುವಷ್ಟು ಸಂಖ್ಯೆಯಿಲ್ಲವೆಂದು ನ್ಯಾಯಾಲಯವು ಸಮೂಹಸ್ವರೂಪವನ್ನು ನಿರಾಕರಿಸಿತು. ಒಡನೆಯೇ ೬೦ಕ್ಕೂ ಮಿಕ್ಕ ಪಟ್ಟಣಗಳೂ ಇತರ ಸಂಸ್ಥೆಗಳೂ ತಮ್ಮನ್ನು ಸೇರಿಸಿಕೊಳ್ಳಬೇಕೆಂದು ಬೇಡಿದುವು. ‘ನಿಮ್ಮ ಕಾಲ ಮೀರಿತು’ ಎಂಬುದು ಪ್ರತಿವಾದಿಗಳ ಆಕ್ಷೇಪ. ೧೯೭೪ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಮೂಹದಾವೆಯು ಹೂಡಲ್ಪಟ್ಟಾಗಲೇ ಸದಸ್ಯರೆಲ್ಲರ ಪಾಲಿಗೂ ಕಾಲವು ನಿಂತಿತೆಂದು ತೀರ್ಪಿತ್ತಿತು. ಹಾಗಲ್ಲದಿದ್ದರೆ ಪ್ರತಿಯೊಬ್ಬನೂ ಭಯದಿಂದ ಬೇರೆಬೇರೆಯಾಗಿ ಓಡಿಬರಬೇಕಾಗಿ ಸಮೂಹದಾವೆಯ ಪ್ರಯೋಜನವೇ ಕೆಡುತ್ತಿದ್ದಿತು. ಇದಕ್ಕೂ ಎಲ್ಲೆಯುಂಟು. ಈ ಆಧಾರದಿಂದ ಅವಧಿ ಮೀರಿದ ಮೇಲೆ ಹೊಸ ಸಮೂಹದಾವೆಯನ್ನೇ ಹೂಡಲಾಗದೆಂದು ಅದೇ ನ್ಯಾಯಾಲಯವು ೨೦೧೮ರಲ್ಲಿ ನಿರ್ಣಯಿಸಿತು.

ವಿಜ್ಞಾನೇಶ್ವರನ ಹೇತುವನ್ನು ಈ ವ್ಯಾಜ್ಯಕ್ಕೆ ಹಚ್ಚಿ ನೋಡೋಣ. ತನಗಾಗಿ ಮತ್ತೊಬ್ಬನು ನುಡಿಯುತ್ತಿರುವನೆಂದು ನಂಬಿ ಕಾದವನ ಮೌನವು ಉಪೇಕ್ಷೆಯಲ್ಲ. ಶ್ರೋತ್ರಿಯನ ಮೌನದಂತೆ ಅದೂ ಸಕಾರಣವಾದುದು. ಪ್ರತಿವಾದಿಗೂ ಅನ್ಯಾಯವಿಲ್ಲ, ಕೂಗು ಸಕಾಲದಲ್ಲಿಯೇ ಅವನ ಕಿವಿಗೆ ಬಿದ್ದಿದೆ. ಆದರೆ ಆ ಪ್ರತಿನಿಧಿಯು ಕೈಬಿಟ್ಟುಹೋದುದನ್ನು ತಿಳಿದ ಮೇಲೂ ಸುಮ್ಮನಿರುವವನ ಮೌನವು ಅಂದಿನಿಂದ ಉಪೇಕ್ಷೆಯೇ ಆಗುವುದು. ಅವಧಿಯ ದಿನಗಳನ್ನು ಎಣಿಸುವುದಕ್ಕೆ ಮುನ್ನ ಮೌನದ ಕಾರಣವನ್ನು ವಿಚಾರಿಸಬೇಕೆಂಬ ಈ ನ್ಯಾಯವು ಕಲ್ಯಾಣದಲ್ಲಿ ಹುಟ್ಟಿದ ಗ್ರಂಥದಲ್ಲಿಯೇ ಇರುವುದು. ಅದನ್ನು ಕನ್ನಡ ವಿದ್ವಾಂಸರು ಮತ್ತೊಮ್ಮೆ ಪರಿಶೀಲಿಸಬೇಕೆಂದು ವಿಜ್ಞಾಪಿಸುತ್ತೇನೆ.