ತಾಪಾಶ್ರಯ ಮತ್ತು ತಾಪದ್ವಾರ: ಮುಧೋಳ ಸೀಮೆಯಿಂದ ಕೈಗಾವರೆಗೆ ಒಂದು ಇತಿಹಾಸವಿಚಾರ

ಯಂತ್ರಶಾಸ್ತ್ರದ ‘ಹೀಟ್ ಸಿಂಕ್’ ಎಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಗಣಕಯಂತ್ರವೇ ಮೊದಲಾದ ವಿದ್ಯುನ್ಮಾನ ಉಪಕರಣಗಳನ್ನು ಕಟ್ಟುವವರು ಅವುಗಳ ಬೆನ್ನಿಗೆ ಜೋಡಿಸಿದ, ಏಣುಏಣಾದ ಅಲ್ಯೂಮಿನಿಯಂ ತುಂಡನ್ನು ಈ ಹೆಸರಿನಿಂದ ಕರೆಯುತ್ತಾರೆ. ಪರಮಾಣು ವಿದ್ಯುದಾಗಾರದವರಾದರೋ ನದಿ, ಜಲಾಶಯ, ಸಮುದ್ರ, ವಾಯುಮಂಡಲ ಇವುಗಳನ್ನೇ ಕಡೆಯ ಹೀಟ್ ಸಿಂಕ್ ಎನ್ನುತ್ತಾರೆ. ಮೊದಲನೆಯದು ಕಾವು ಹಾದುಹೋಗುವ ಮಾರ್ಗ; ಎರಡನೆಯದು ಕಾವು ಹೋಗಿ ನೆಲೆಸುವ ಸ್ಥಾನ. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಒಂದು ದ್ವಾರ, ಮತ್ತೊಂದು ಆಶ್ರಯ. ಇವೆರಡೂ ಒಂದೇ ಹೆಸರಿನಲ್ಲಿ ಅಡಗಿರುವುದರಿಂದ ಹುಟ್ಟುವ ಭ್ರಾಂತಿ ಬರಿಯ ಶಬ್ದದ ಭ್ರಾಂತಿಯಲ್ಲ. ಅದರಿಂದ ಯಂತ್ರಗಳೂ ಕೆಲವೆಡೆ ಊರುಗಳೂ ಕೆಟ್ಟಿವೆ. ಕೃಷ್ಣಾ ಘಟಪ್ರಭಾ ನದಿಗಳ ಸೀಮೆಯಾದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳಲ್ಲಿ ದೊರೆಯುವ ನಿದರ್ಶನಗಳಿಂದಲೂ, ಉತ್ತರಕನ್ನಡದ ಕೈಗಾ ವಿದ್ಯುದಾಗಾರದಿಂದಲೂ ಈ ಭೇದವನ್ನು ನಿರೂಪಿಸುವುದು ಪ್ರಕೃತ ಲೇಖನದ ವಿಷಯ.

೧. ಪೂರ್ವಸಿದ್ಧಾಂತ

ನೀರಿನ ಸಹಜಸ್ಪರ್ಶ ಶೀತವೆಂದೂ, ಬಿಸಿನೀರಿನಲ್ಲಿ ತೋರುವ ಉಷ್ಣತೆ ತೇಜಸ್ಸಿನ ಸಂಯೋಗದಿಂದ ಬಂದುದೆಂದೂ ವೈಶೇಷಿಕರ ಮತ. ತರ್ಕಸಂಗ್ರಹವನ್ನು ಓದಿದ ಬಾಲಕನೂ ಇದನ್ನು ಬಲ್ಲನು. ಉಷ್ಣತೆಯನ್ನು ಹೀಗೆ ಒಂದು ದ್ರವ್ಯದೊಡನೆ ಗಂಟುಹಾಕುವ ಪದ್ಧತಿ ಯೂರೋಪಿನಲ್ಲಿಯೂ ಬಹುಕಾಲ ನಡೆಯಿತು. ಜೇಮ್ಸ್ ವಾಟನು ೧೭೬೫ರಲ್ಲಿ ಉಗಿಯಂತ್ರಕ್ಕೆ ಬೇರೆಯದೊಂದು ಶೀತಲಪಾತ್ರೆಯನ್ನು ಕಲ್ಪಿಸಿ ೧೭೬೯ರಲ್ಲಿ ಅದರ ಹಕ್ಕುಪತ್ರವನ್ನು ಪಡೆದನು. ೧೮೨೪ರಲ್ಲಿ ಫ್ರೆಂಚ್ ಪಂಡಿತ ಸಾಡಿ ಕಾರ್ನೋ, ಉಷ್ಣವನ್ನು ಇನ್ನೂ ದ್ರವ್ಯವೆಂದೇ ಭಾವಿಸಿಕೊಂಡು, ಬೆಂಕಿಯೊಂದರಿಂದಲೇ ಯಂತ್ರ ನಡೆಯದು, ಅದಕ್ಕೆ ತಣ್ಣನೆಯ ಸ್ಥಾನವೂ ಬೇಕು ಎಂಬುದನ್ನು ತೋರಿಸಿಕೊಟ್ಟನು. ಮುಂದೆ ಜೂಲನ ಪ್ರಯೋಗಗಳಿಂದ ಉಷ್ಣವು ದ್ರವ್ಯವಲ್ಲವೆಂಬುದು ಸಿದ್ಧವಾದರೂ ಕಾರ್ನೋವಿನ ಈ ನಿರ್ಣಯ ಮಾತ್ರ ಕದಲಲಿಲ್ಲ. ೧೮೫೦ರಲ್ಲಿ ಕ್ಲೌಸಿಯಸ್ ಅದನ್ನು ಶಕ್ತಿಯ ನಿಯಮದೊಡನೆ ಹೊಂದಿಸಿದನು. ಕಾವು ತಾನಾಗಿ ಹೆಚ್ಚು ಬಿಸಿಯಿಂದ ಕಡಿಮೆ ಬಿಸಿಗೆ ಹರಿಯುವುದಲ್ಲದೆ ಹಿಂದಕ್ಕೆ ಹರಿಯದು. ಆದಕಾರಣ ಆಶ್ರಯವೆನಿಸಬೇಕಾದುದು ತಂಪಾಗಿದ್ದರೆ ಸಾಲದು. ಕಾವನ್ನು ಕೊಂಡಮೇಲೂ ತಂಪಾಗಿಯೇ ಉಳಿಯುವಷ್ಟು ವಿಸ್ತಾರವಾಗಿರಬೇಕು.

೨. ಕಬ್ಬಿನ ಸೀಮೆ

ಮುಧೋಳ ಜಮಖಂಡಿಗಳು ಕಬ್ಬಿನ ನಾಡು. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಅದರ ಆವಿ ನೇರವಾಗಿ ಆಕಾಶಕ್ಕೆ ಏರುತ್ತದೆ. ಅಲ್ಲಿ ದ್ವಾರಕ್ಕೂ ಆಶ್ರಯಕ್ಕೂ ನಡುವೆ ಅಂತರವೇ ಇಲ್ಲ. ಸಕ್ಕರೆಯ ಕಾರ್ಖಾನೆಯ ಕ್ರಮ ಬೇರೆ. ೧೯ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಹೋವರ್ಡನು ಕಂಡುಹಿಡಿದ ನಿರ್ವಾತಪಾತ್ರೆಯಲ್ಲಿ, ಒತ್ತಡವನ್ನು ತಗ್ಗಿಸಿ, ಪಾಕವನ್ನು ಕಡಿಮೆ ಕಾವಿನಲ್ಲಿಯೇ ಕುದಿಸುತ್ತಾರೆ, ಪಾಕ ಸೀಯುವುದಿಲ್ಲ. ಆ ನಿರ್ವಾತ ನಿಲ್ಲಬೇಕಾದರೆ ಏಳುವ ಆವಿಯನ್ನು ತಣ್ಣೀರಿನಿಂದ ಒಡನೊಡನೆ ನೀರಾಗಿಸುತ್ತಿರಬೇಕು. ಹೀಗೆ ಬಿಸಿಯಾದ ನೀರನ್ನು ಕಾರ್ಖಾನೆಯ ಬದಿಯ ಕೊಳದಲ್ಲಿ ಕಾರಂಜಿಗಳಿಂದ ಗಾಳಿಗೆ ಚಿಮ್ಮಿಸುತ್ತಾರೆ. ೧೦೦ ಸೇರು ನೀರಿನಲ್ಲಿ ೨ ಸೇರು ಆವಿಯಾಗಿ ಹೋದರೆ ಉಳಿದ ೯೮ ಸೇರು ಸುಮಾರು ೧೨ ಡಿಗ್ರಿ ತಣ್ಣಗಾಗುತ್ತದೆ. ದಾರಿಹೋಕರಿಗೆ ಅಲಂಕಾರದಂತೆ ತೋರುವ ಆ ಕಾರಂಜಿಗಳು ಕಾವಿನ ದ್ವಾರಗಳು, ಆಶ್ರಯ ವಾಯುಮಂಡಲ, ಅದಕ್ಕೆ ತೆರಬೇಕಾದ ಬೆಲೆ ಆವಿಯಾಗಿ ಹೋಗುವ ನೀರು.

ಬೀಳಗಿಯ ಉತ್ತರಕ್ಕೆ ಹರಡಿರುವ ಆಲಮಟ್ಟಿ ಜಲಾಶಯದ ಆಚೆಯ ಕೂಡಗಿಯಲ್ಲಿ ಇದೇ ವ್ಯವಹಾರ ಮಹತ್ತಾದ ಪ್ರಮಾಣದಲ್ಲಿ ನಡೆಯುತ್ತದೆ. ಅಲ್ಲಿಯ ಕಲ್ಲಿದ್ದಲ ವಿದ್ಯುದಾಗಾರದಲ್ಲಿ ತಲಾ ೮೦೦ ಮೆಗಾವ್ಯಾಟಿನ ಮೂರು ಘಟಕಗಳಿವೆ. ಅವುಗಳಿಗೆ ಕೃಷ್ಣೆಯ ನೀರು ಆಲಮಟ್ಟಿಯಿಂದ ಬರುತ್ತದೆ. ಹೊಲಕ್ಕೆ ಹಾಯಿಸಿದ ನೀರಿನ ಲೆಕ್ಕವನ್ನು ಎಲ್ಲರೂ ಇಡುತ್ತಾರೆ. ಕಾವನ್ನು ಹೊತ್ತು ಆಕಾಶಕ್ಕೆ ಹೋದ ನೀರೂ ಅದೇ ನದಿಯ ಲೆಕ್ಕಕ್ಕೆ ಸೇರತಕ್ಕದ್ದೆಂಬುದು ಬಹುಜನರಿಗೆ ಹೊಳೆಯುವುದಿಲ್ಲ.

೩. ಮಗ್ಗ, ಸಿಲಿಕಾನ್, ಕೊಳವೆಬಾವಿ

ರಬಕವಿ–ಬನಹಟ್ಟಿಯ ನೇಕಾರರ ಮನೆಗಳಲ್ಲಿ ವಿದ್ಯುನ್ಮಗ್ಗವನ್ನು ನಡೆಸುವ ಮೋಟಾರಿನ ಹೊರಮೈಯನ್ನು ನೋಡಿದರೆ ಎರಕದ ಏಣುಗಳ ಸಾಲು ಕಾಣುತ್ತದೆ. ಒಳಗಣ ತಂತಿಯ ಸುರುಳಿಯ ಕಾವು ಆ ಏಣುಗಳಿಗೆ ಬಂದು, ವಿಸ್ತಾರವಾದ ಮೈಯಿಂದ ಗಾಳಿಗೆ ಸೇರುತ್ತದೆ. ನೂಲಿನ ಧೂಳು ಕವಿದು ಏಣುಗಳ ಸಂದು ಮುಚ್ಚಿದರೆ ಮೋಟಾರು ಬಿಸಿಯೇರುತ್ತದೆ. ಕೋಣೆಯ ಗಾಳಿಯೇ ಕಾದರೆ ಏಣುಗಳನ್ನು ಎಷ್ಟು ಒರಸಿದರೂ ಫಲ ಕಡಿಮೆ. ಮೊದಲನೆಯದು ದ್ವಾರದ ದೋಷ, ಎರಡನೆಯದು ಆಶ್ರಯದ ದೋಷ.

೧೯೪೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಟ್ರಾನ್ಸಿಸ್ಟರಿಗೂ ಇದೇ ನ್ಯಾಯ ಸಲ್ಲುತ್ತದೆ. ಉಗುರಿನಗಲದ ಸಿಲಿಕಾನ್ ಬಿಲ್ಲೆಯಲ್ಲಿ ಹುಟ್ಟುವ ಕಾವು ಆ ಚಿಕ್ಕ ಮೈಯಿಂದಲೇ ಗಾಳಿಗೆ ಹೋಗಲಾರದು. ಏಕೆಂದರೆ ನಿಶ್ಚಲವಾದ ಗಾಳಿ ಕಾವನ್ನು ಸಾಗಿಸುವುದರಲ್ಲಿ ಅಲ್ಯೂಮಿನಿಯಂಗಿಂತ ಸಾವಿರಾರು ಪಾಲು ಜಡವಾದುದು. ಆದುದರಿಂದ ಲೋಹವು ಕಾವನ್ನು ಮೊದಲು ಹರಡಿ, ಆಮೇಲೆ ಗಾಳಿಗೆ ಒಪ್ಪಿಸುತ್ತದೆ. ೧೯೮೧ರಲ್ಲಿ ಟಕರ್ಮನ್ ಮತ್ತು ಪೀಸ್ ಎಂಬವರು ಸಿಲಿಕಾನಿನಲ್ಲಿಯೇ ಕೂದಲೆಳೆಯಂಥ ಕಾಲುವೆಗಳನ್ನು ಕೊರೆದು ನೀರು ಹರಿಯಿಸಿ, ಒಂದು ಚದರ ಸೆಂಟಿಮೀಟರಿನಿಂದ ೭೯೦ ವ್ಯಾಟಿನಷ್ಟು ಕಾವನ್ನು ತೆಗೆದರು. ದ್ವಾರದ ನಿರ್ಮಾಣದಲ್ಲಿ ಇದು ಅದ್ಭುತವೇ ಸರಿ. ಆದರೆ ಆ ನೀರೂ ಮುಂದೆ ಎಲ್ಲಿಯಾದರೂ ತಣಿಯಲೇಬೇಕು.

ಈ ಸೀಮೆಯ ರೈತರಿಗೆ ಹೆಚ್ಚು ಪರಿಚಿತವಾದ ನಿದರ್ಶನವೆಂದರೆ ಕೊಳವೆಬಾವಿಯೊಳಗೆ ಇಳಿಬಿಟ್ಟ ಮೋಟಾರು. ಅದಕ್ಕೆ ಏಣುಗಳಿಲ್ಲ, ಬೀಸಣಿಗೆಯೂ ಇಲ್ಲ. ಸುತ್ತ ಹರಿಯುವ ನೀರೇ ಅದರ ಕಾವನ್ನು ಒಯ್ಯುತ್ತದೆ. ಬೇಸಗೆಯಲ್ಲಿ ಅಂತರ್ಜಲ ಕುಸಿದು ಮೋಟಾರು ಬರಿದಾದ ಕೊಳವೆಯಲ್ಲಿ ತಿರುಗಿದರೆ ಅದು ಸುಟ್ಟುಹೋಗುತ್ತದೆ. ಮೋಟಾರಿನಲ್ಲಿ ಯಾವ ಕೊರತೆಯೂ ಇಲ್ಲ. ಅದರ ಆಶ್ರಯವೇ ಇಲ್ಲವಾಯಿತು. ರಿಪೇರಿಯ ಅಂಗಡಿಯಲ್ಲಿ ಸುರುಳಿಯನ್ನು ಮತ್ತೆ ಸುತ್ತಿಸಬಹುದು. ನೆಲದೊಳಗಿನ ನೀರನ್ನು ಅಲ್ಲಿ ಸುತ್ತಿಸಲಾಗದು.

ಮುಧೋಳದ ಕವಿ ರನ್ನನು ೧೦ನೆಯ ಶತಮಾನದಲ್ಲಿ ಹುಟ್ಟಿ ಗದಾಯುದ್ಧವನ್ನು ರಚಿಸಿದುದು ಸರ್ವವಿದಿತ. ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನನಿಗೆ ಭೀಮನ ಗರ್ಜನೆಯನ್ನು ಕೇಳಿದೊಡನೆ ನೀರಿನ ನಡುವೆಯೂ ಬೆವರು ಒಡೆಯಿತೆಂದು ಆತನು ವರ್ಣಿಸುತ್ತಾನೆ. ಬೆವರು ಆವಿಯಾದಾಗ ಮಾತ್ರ ಮೈಯನ್ನು ತಣಿಸುತ್ತದೆ. ನೀರೊಳಗಿದ್ದವನ ಬೆವರು ಆವಿಯಾಗಲಾರದು. ಹಾಗೆಂದು ಕವಿಯಲ್ಲಿ ದೋಷವನ್ನು ಎಣಿಸುವುದು ರಸಜ್ಞರ ಲಕ್ಷಣವಲ್ಲ. ಸರೋವರದಷ್ಟು ದೊಡ್ಡ ಆಶ್ರಯ ದೊರೆತರೂ ತಣಿಯದಂತಹ ಕಾವು ಅದು, ಒಳಗಿನಿಂದ ಎಡೆಬಿಡದೆ ಹುಟ್ಟುವ ಕಾವು, ಎಂಬುದೇ ಅಲ್ಲಿಯ ಧ್ವನಿ. ಪರಮಾಣು ಕುಲುಮೆಯ ವಿಷಯದಲ್ಲಿ ಕಾಣಬೇಕಾದುದೂ ಇಂತಹ ಕಾವನ್ನೇ.

೪. ಕೈಗಾ

ಕಾಳೀನದಿಗೆ ಕಟ್ಟಿದ ಕದ್ರಾ ಜಲಾಶಯದ ದಡದಲ್ಲಿ ಕೈಗಾ ವಿದ್ಯುದಾಗಾರವಿದೆ. ತಲಾ ೨೨೦ ಮೆಗಾವ್ಯಾಟಿನ ಅದರ ನಾಲ್ಕು ಘಟಕಗಳು ೨೦೦೦ ಮತ್ತು ೨೦೧೧ರ ನಡುವೆ ವಿದ್ಯುದುತ್ಪಾದನೆಗೆ ತೊಡಗಿದವು. ಒಂದು ಘಟಕದ ಕುಲುಮೆಯಲ್ಲಿ ಸುಮಾರು ೭೫೦ ಮೆಗಾವ್ಯಾಟಿನಷ್ಟು ಕಾವು ಹುಟ್ಟುತ್ತದೆ. ೨೨೦ ವಿದ್ಯುತ್ತಾಗಿ ಹೊರಡುತ್ತದೆ. ೫೦೦ಕ್ಕೆ ಮಿಕ್ಕುದು ನೀರಿಗೆ ಸೇರಬೇಕು. ಇಂಧನದಿಂದ ಭಾರಜಲಕ್ಕೆ, ಭಾರಜಲದಿಂದ ಉಗಿಜನಕದ ಸಾಧಾರಣ ಜಲಕ್ಕೆ, ಟರ್ಬೈನನ್ನು ತಿರುಗಿಸಿದ ಉಗಿಯಿಂದ ಕದ್ರೆಯ ನೀರಿಗೆ ಎಂಬುದು ಆ ಕಾವಿನ ಪರಂಪರೆ. ೫೦೦ ಮೆಗಾವ್ಯಾಟಿನ ಕಾವನ್ನು ೧೦ ಡಿಗ್ರಿ ಏರಿಕೆಯಲ್ಲಿ ಒಯ್ಯಬೇಕಾದರೆ ಪ್ರತಿ ಸೆಕೆಂಡಿಗೆ ಸುಮಾರು ೧೨ ಟನ್ನು ನೀರು ಹರಿಯಬೇಕಾಗುತ್ತದೆ. ಮೊದಲನೆಯ ಘಟಕವು ೨೦೧೬ರ ಮೇ ೧೩ರಿಂದ ೨೦೧೮ರ ಡಿಸೆಂಬರ್ ೩೧ರವರೆಗೆ ೯೬೨ ದಿನ ಎಡೆಬಿಡದೆ ನಡೆದು ಜಗತ್ತಿನ ಹಿಂದಿನ ದಾಖಲೆಯನ್ನು ಮೀರಿತು. ಆ ಕೀರ್ತಿಯಲ್ಲಿ ಯಂತ್ರಜ್ಞರಷ್ಟೇ ಪಾಲು ಕಾಳೀನದಿಯದೂ ಉಂಟು. ಬೆಚ್ಚನೆಯ ನೀರು ಪ್ರಾಣವಾಯುವನ್ನು ಕಡಿಮೆಯಾಗಿ ಹಿಡಿದಿಡುವುದರಿಂದ ಅಲ್ಲಿಯ ಜಲಚರಗಳೂ ಈ ವಿಚಾರಕ್ಕೆ ಹೊರಗಲ್ಲ.

ಕಲ್ಲಿದ್ದಲ ಒಲೆಯನ್ನು ಆರಿಸಿದರೆ ಕಾವು ನಿಲ್ಲುತ್ತದೆ. ಪರಮಾಣು ಕುಲುಮೆಯನ್ನು ನಿಲ್ಲಿಸಿದರೂ ವಿದಳನದಿಂದ ಹುಟ್ಟಿದ ವಸ್ತುಗಳು ಕ್ಷಯಿಸುತ್ತ ಕಾವನ್ನು ಹೊಮ್ಮಿಸುತ್ತಲೇ ಇರುತ್ತವೆ: ನಿಲ್ಲಿಸಿದ ಕ್ಷಣದಲ್ಲಿ ನೂರಕ್ಕೆ ೬–೭ರಷ್ಟು, ಒಂದು ದಿನದ ಮೇಲೆಯೂ ನೂರಕ್ಕೆ ಅರ್ಧದಷ್ಟು. ಅದು ಕೈಗಾದ ಒಂದು ಘಟಕಕ್ಕೆ ಸುಮಾರು ೪,೦೦೦ ಕಿಲೋವ್ಯಾಟು. ಆಶ್ರಯದ ಅವಶ್ಯಕತೆ ಬೆಂಕಿ ಆರಿದ ಮೇಲೆಯೂ ಮುಗಿಯದು.

ಇದಕ್ಕೆ ಎರಡು ಪ್ರಸಂಗಗಳು ಸಾಕ್ಷಿ. ೧೯೯೩ರ ಮಾರ್ಚ್ ೩೧ರಂದು ಉತ್ತರಪ್ರದೇಶದ ನರೋರಾ ವಿದ್ಯುದಾಗಾರದ ಮೊದಲ ಘಟಕದಲ್ಲಿ ಟರ್ಬೈನಿನ ಅಲಗು ಮುರಿದು ಬೆಂಕಿ ಹತ್ತಿತು. ಘಟಕಕ್ಕೆ ಸುಮಾರು ೧೭ ಗಂಟೆಗಳ ಕಾಲ ವಿದ್ಯುತ್ತಿಲ್ಲವಾಯಿತು. ಬೆಂಕಿಯನ್ನು ಆರಿಸಲೆಂದು ಇದ್ದ ಡೀಸೆಲ್ ಪಂಪುಗಳಿಂದಲೇ ಉಗಿಜನಕಕ್ಕೆ ನೀರು ಹಾಯಿಸಿ, ಕುಲುಮೆಯ ಕಾವನ್ನು ಉಗಿಯಾಗಿ ಗಾಳಿಗೆ ಬಿಟ್ಟು, ಅಲ್ಲಿಯ ಕೆಲಸಗಾರರು ಅನಾಹುತವನ್ನು ತಪ್ಪಿಸಿದರು. ಹಳೆಯ ದ್ವಾರ ಮುಚ್ಚಿದಾಗ ಹೊಸ ದ್ವಾರವನ್ನು ತೆರೆದರು. ೨೦೧೧ರ ಮಾರ್ಚ್ ೧೧ರಂದು ಜಪಾನಿನ ಫುಕುಶಿಮಾದಲ್ಲಿಯಾದರೋ ಸುನಾಮಿಯು ಸಮುದ್ರಜಲದ ಪಂಪುಗಳನ್ನೂ ಡೀಸೆಲ್ ಜನಕಗಳನ್ನೂ ಕೆಡಿಸಿತು. ಮಹಾಸಮುದ್ರವೇ ಎದುರಿಗಿದ್ದರೂ ಅಲ್ಲಿಗೆ ಕಾವನ್ನು ಮುಟ್ಟಿಸುವ ದಾರಿ ಇರಲಿಲ್ಲ. ಮೂರು ಕುಲುಮೆಗಳ ಇಂಧನ ಕರಗಿತು. ಸಾವಿರಾರು ಜನ ಊರು ಬಿಡಬೇಕಾಯಿತು.

೫. ಉಪಸಂಹಾರ

ಇದುವರೆಗಿನ ವಿಚಾರದಿಂದ ಮೂರು ಅಂಶಗಳು ಸಿದ್ಧಿಸುತ್ತವೆ. ಒಂದನೆಯದು: ಕೊಳವೆಬಾವಿಯ ಮೋಟಾರಿನಲ್ಲಿ ದ್ವಾರವಿದ್ದು ಆಶ್ರಯ ತಪ್ಪಿತು; ಫುಕುಶಿಮಾದಲ್ಲಿ ಆಶ್ರಯವಿದ್ದು ದ್ವಾರ ತಪ್ಪಿತು; ಫಲ ಎರಡೆಡೆಯೂ ದಹನವೇ. ಎರಡನೆಯದು: ದ್ವಾರವು ಮನುಷ್ಯನ ಶಿಲ್ಪ, ಅದನ್ನು ತಿದ್ದಬಹುದು, ಹೊಸದಾಗಿ ಮಾಡಬಹುದು, ಆಶ್ರಯವಾದ ನದಿ ಗಾಳಿಗಳನ್ನು ಕಾಪಾಡಬಹುದೇ ಹೊರತು ನಿರ್ಮಿಸಲಾಗದು. ಮೂರನೆಯದು: ಭಿನ್ನವಾದ ಈ ಎರಡು ಪದಾರ್ಥಗಳಿಗೆ ಕನ್ನಡದಲ್ಲಿ ಎರಡು ಹೆಸರುಗಳಿರುವುದು ಯುಕ್ತ. ಏಣಿನ ಲೋಹಕ್ಕೆ ತಾಪದ್ವಾರವೆಂದೂ, ಕದ್ರೆಯ ನೀರಿಗೆ ತಾಪಾಶ್ರಯವೆಂದೂ ಹೇಳಿದರೆ, ಕೃಷ್ಣೆಯ ತೀರದಲ್ಲಾಗಲಿ ಕಾಳಿಯ ತೀರದಲ್ಲಾಗಲಿ ಹೊಸದೊಂದು ಯಂತ್ರಾಗಾರದ ಮಾತು ಬಂದಾಗ, ಅದರ ಕಾವು ಯಾವ ದಾರಿಯಿಂದ ಹೊರಡುತ್ತದೆ ಎಂಬುದರೊಡನೆ, ಕಡೆಗೆ ಎಲ್ಲಿ ಸೇರುತ್ತದೆ ಎಂದೂ ಕೇಳುವುದು ವಿದ್ಯಾರ್ಥಿಗಳಿಗೂ ಜನರಿಗೂ ಸಹಜವಾದೀತು.