ಸೋಮೇಶ್ವರನ ಮತ್ಸ್ಯವಿನೋದ

ಕೆರೆಯ ದಂಡೆಯಲ್ಲಿ ಗಾಳ ಹಿಡಿದು ಕುಳಿತವನನ್ನು ಕೆಲಸವಿಲ್ಲದವನೆಂದು ಎಣಿಸುವುದು ಲೋಕದ ರೂಢಿ. ಆ ವಿದ್ಯೆಯನ್ನು ಕನ್ನಡನಾಡಿನ ಚಕ್ರವರ್ತಿಯೊಬ್ಬನು ಸಂಸ್ಕೃತ ಶ್ಲೋಕಗಳಲ್ಲಿ ಬರೆದಿಟ್ಟಿರುವನೆಂಬುದು ವಿದ್ಯಾವಂತರಲ್ಲಿಯೂ ಬಹುಮಂದಿಗೆ ತಿಳಿಯದು. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನೇ ಆತನು. ಆರನೆಯ ವಿಕ್ರಮಾದಿತ್ಯನ ಮಗನಾದ ಈತನು 1126ರಿಂದ 1138ರ ವರೆಗೆ ಆಳಿದನು. ಅಭಿಲಷಿತಾರ್ಥಚಿಂತಾಮಣಿಯೆಂದೂ ಹೆಸರುಳ್ಳ ಆತನ ಮಾನಸೋಲ್ಲಾಸದಲ್ಲಿ ಐದು ವಿಂಶತಿಗಳುಂಟು. ನಾಲ್ಕನೆಯದಾದ ವಿನೋದವಿಂಶತಿಯಲ್ಲಿ, ಡೇಗೆಯ ಆಟಕ್ಕೂ ಬೇಟೆಗೂ ನಡುವೆ ಮತ್ಸ್ಯವಿನೋದವು ಬಂದಿರುವುದು. ಮನುವು ಬೇಟೆಯನ್ನು ಕಾಮಜವಾದ ವ್ಯಸನಗಳಲ್ಲಿ ಮೊದಲಿಗೆ ಹೇಳಿದನು. ಸೋಮೇಶ್ವರನು ಅದನ್ನು ವಿನೋದಗಳ ಸಾಲಿಗೆ ತಂದನು. ಅರಸರ ಮಾತೇ ಬೇರೆ!

ಈ ಪ್ರಕರಣದಲ್ಲಿ ಸುಮಾರು ಮೂವತ್ತೈದು ಬಗೆಯ ಮೀನುಗಳ ಹೆಸರುಗಳಿವೆ. ಸಮುದ್ರದವು ಯಾವುವು, ಹೊಳೆಯವು ಯಾವುವು, ಪರೆಯುಳ್ಳವು ಯಾವುವು, ಇಲ್ಲದವು ಯಾವುವು, ಹಿರಿದು ಮಧ್ಯಮ ಕಿರಿದು ಯಾವುವೆಂದು ರಾಜನು ವಿಂಗಡಿಸಿರುವನು. ಇಂಗ್ಲೆಂಡಿನ ದೊರೆಗಳು ಸಾಲ್ಮನ್ ಟ್ರೌಟ್‌ಗಳನ್ನು ಕುಲೀನವೆಂದೆಣಿಸಿ, ಕೆರೆಕುಂಟೆಗಳ ಉಳಿದ ಮೀನುಗಳನ್ನೆಲ್ಲ ಒರಟು ಮೀನೆಂದು ಕರೆದರಷ್ಟೆ. ಅಂತಹ ಜಾತಿಭೇದವು ಇಲ್ಲಿ ಕಾಣದು. ಅವರಲ್ಲಿ ಗಾಳದ ಮೊದಲ ಅಚ್ಚಿನ ಪುಸ್ತಕವು 1496ರಲ್ಲಿ, ವಾಲ್ಟನ್ನನ ಪ್ರಸಿದ್ಧ ಗ್ರಂಥವು 1653ರಲ್ಲಿ ಹೊರಬಂದುವು. ಸೋಮೇಶ್ವರನ ಕೃತಿಯಾದರೋ ಸುಮಾರು 1130ರದು.

ಕೋಲು, ದಾರ, ಬಡಿಶಗಳ ವಿಚಾರಕ್ಕಿಂತಲೂ ಸ್ವಾರಸ್ಯವಾದುದು ಮೇವಿನ ವಿಚಾರ. ಗಾಳ ಹಾಕುವುದಕ್ಕೆ ಮುಂಚೆ ಮೀನುಗಳಿಗೆ ಉಣಿಸನ್ನಿಟ್ಟು ರೂಢಿಮಾಡಿಸಿ ಕೊಬ್ಬಿಸಬೇಕು. ಕೆಲವಕ್ಕೆ ಎಳ್ಳು ಹಿಟ್ಟುಗಳನ್ನು ಕಲೆಸಿದ ಉಂಡೆ, ಕೆಲವಕ್ಕೆ ಮಾಂಸದ ತುಣುಕು. ಯಾವ ಮೀನಿಗೆ ಯಾವುದು ರುಚಿಸುವುದೆಂಬುದೇ ಇಲ್ಲಿ ಶಾಸ್ತ್ರ. ಇಂದಿಗೂ ಕೆರೆಯ ಏರಿಯ ಮೇಲೆ ಕುಳಿತವನು ಮೊದಲು ಒಂದು ಹಿಡಿ ಹಿಟ್ಟನ್ನೋ ಅನ್ನವನ್ನೋ ಎರಚಿ, ಅನಂತರವೇ ಎರೆಯನ್ನು ಸಿಕ್ಕಿಸುವನಲ್ಲವೆ?

ಈ ತಿಳಿವಳಿಕೆಯು ಅರಸನಿಗೆ ಎಲ್ಲಿಂದ ಬಂದಿತು? ಆತನ ಪಟ್ಟಿಯೇ ಉತ್ತರ ಹೇಳುವುದು. ರೋಹಿತ ಪಾಠೀನಗಳು ಕೋಶದಲ್ಲಿರುವ ಹೆಸರುಗಳು. ಪಾಠೀನವನ್ನು ಅಮರಸಿಂಹನು ಸಹಸ್ರದಂಷ್ಟ್ರವೆಂದಿರುವುದನ್ನು ಪಾಠಶಾಲೆಯ ಹುಡುಗರೂ ಬಲ್ಲರು. ಆದರೆ ಸೋರ ಮೊದಲಾದ ಹಲವು ಹೆಸರುಗಳನ್ನು ಅಮರಕೋಶದಲ್ಲಿ ಅರಸಿದರೆ ಫಲವಿಲ್ಲ. ಅವು ದೇಶಿಯ ಮಾತುಗಳು. ಬಲೆ ಬೀಸುವವರ ಬಾಯಿಂದಲೇ ಅವು ಶ್ಲೋಕಕ್ಕೆ ಏರಿರಬೇಕು. ಸರ್ವಜ್ಞಚಕ್ರವರ್ತಿಯೆನಿಸಿಕೊಂಡವನು ಬೆಸ್ತರ ಮಾತನ್ನು ಕೇಳಿ ಬರೆಯಲು ನಾಚಲಿಲ್ಲವೆಂಬುದು ಆತನಿಗೆ ಭೂಷಣ. ಹೇಳಿಕೊಟ್ಟವರ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಗ್ರಂಥದ ಮೊದಲ ಭಾಗವು 1925ರಲ್ಲಿ ಬರೋಡೆಯಲ್ಲಿಯೂ 1926ರಲ್ಲಿ ಮೈಸೂರಿನಲ್ಲಿಯೂ ಅಚ್ಚಾಯಿತು. ಮುಂದೆ ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು 1951ರಲ್ಲಿಯೂ, ನಳಿನಿ ಸಾಧಲೆ ಮತ್ತು ವೈ. ಎಲ್. ನೇನೆ ಅವರು 2005ರಲ್ಲಿಯೂ ಈ ಮೀನುಗಳನ್ನು ಗುರುತಿಸಲು ಶ್ರಮಿಸಿದರು. ಇಂತಹ ಕೆಲಸಕ್ಕೆ ಕೋಶವೊಂದೇ ಸಾಲದು. ಕೃಷ್ಣೆ ಭೀಮೆಯರ ತೀರದ ಬೆಸ್ತರ ಮನೆಗಳಲ್ಲಿ ಮುದುಕರ ನಾಲಗೆಯ ಮೇಲಿರುವ ಹೆಸರುಗಳೂ ಬೇಕು. ಈಗ ಕೆರೆಗಳಿಗೆ ಬಹುಮಟ್ಟಿಗೆ ಕಾಟ್ಲ, ರೋಹು, ಮೃಗಾಲಗಳ ಮರಿಗಳನ್ನೇ ತಂದು ಬಿಡುವರು. ಹಳೆಯ ಮೀನು ಕಾಣದಾದಲ್ಲಿ ಅದರ ಹೆಸರನ್ನು ಕರೆಯುವವರೂ ಇಲ್ಲವಾಗುವರು. ಆ ಮುದುಕರಿರುವಾಗಲೇ ಯಾರಾದರೂ ಹೋಗಿ, ಮೀನನ್ನು ಮುಂದಿಟ್ಟುಕೊಂಡು, ಒಂದೊಂದರ ಹೆಸರನ್ನೂ ಮೇವನ್ನೂ ಕೇಳಿ ಬರೆದುಕೊಳ್ಳಬೇಕಾಗಿದೆ.