ಎಲ್ಲಿಂದ ಬಂದಿರಿ?

ಪೀಣ್ಯದ ಲೇತ್ ಷೆಡ್ಡಿನಲ್ಲಿ ದುಡಿಯುವ ಬಿಹಾರದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಿ. ಊರಿಗೆ ಹೋಗಿಬಂದ ಮೂರ್ನಾಲ್ಕು ತಿಂಗಳಿಗೆ ಜ್ವರ ಹಿಡಿಯಿತು. ಎರಡು ವಾರ ಕಳೆದರೂ ಬಿಡಲಿಲ್ಲ. ಟೈಫಾಯ್ಡ್ ಮಾತ್ರೆ ನುಂಗಿದ್ದಾಯಿತು. ಮಲೇರಿಯಾ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಮೈ ಸೊರಗಿತು, ಎಡ ಪಕ್ಕೆಲುಬಿನ ಕೆಳಗೆ ಗುಲ್ಮ ಊದಿಕೊಂಡು ಕೈಗೆ ತಗಲತೊಡಗಿತು. ಚೀಟಿಯಲ್ಲಿ ವಿಳಾಸ ಪೀಣ್ಯ ಎಂದಷ್ಟೇ ಇದ್ದರೆ ಬೆಂಗಳೂರಿನ ವೈದ್ಯರಿಗೆ ಕಾಲಾ ಅಜಾರ್ ಹೊಳೆಯುವುದಾದರೂ ಹೇಗೆ? ಅದು ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳಗಳ ಕಡೆಯ ರೋಗ. ಮರಳುನೊಣ ಕಚ್ಚುವುದರಿಂದ ಬರುತ್ತದೆ. ಚಿಕಿತ್ಸೆ ಸಿಗದಿದ್ದರೆ ಬಹುಮಟ್ಟಿಗೆ ಸಾವೇ.

ಈ ರೋಗದ ಚರಿತ್ರೆಯೇ ಊರಿಗೆ ಮರಳಿದ ಒಬ್ಬ ಪ್ರಯಾಣಿಕನಿಂದ ತಿರುವು ಪಡೆಯಿತು. ಕಲ್ಕತ್ತೆಯ ಬಳಿ ದಂ ದಂನಲ್ಲಿದ್ದ ಬ್ರಿಟಿಷ್ ಸೈನಿಕನೊಬ್ಬ ಇಂಗ್ಲೆಂಡಿಗೆ ಹಿಂದಿರುಗಿ, 1900ರಲ್ಲಿ ನೆಟ್ಲಿಯ ಸೈನಿಕ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನ ಗುಲ್ಮದ ಅಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವಿಲಿಯಂ ಲೀಶ್ಮನ್ ಅವರಿಗೆ ಮೊಟ್ಟೆಯಾಕಾರದ ಪುಟ್ಟ ಕಣಗಳು ಕಂಡವು. ಅದನ್ನು ಅವರು ಪ್ರಕಟಿಸಿದ್ದು 1903ರ ಮೇ ತಿಂಗಳಲ್ಲಿ, ಅದೂ ಬೇರೊಂದು ಜೀವಿಯ ಅವಶೇಷವೆಂದು ಭಾವಿಸಿ. ಅದೇ ವರ್ಷ ಮದರಾಸಿನಲ್ಲಿ ಚಾರ್ಲ್ಸ್ ಡೊನೊವನ್, ಬದುಕಿದ್ದ ರೋಗಿಯ ಗುಲ್ಮಕ್ಕೆ ಸೂಜಿ ಚುಚ್ಚಿ ತೆಗೆದ ಅಂಶದಲ್ಲೇ ಅವನ್ನು ಕಂಡರು. ಅಲ್ಲಿಗೆ ಅವು ಅವಶೇಷವಲ್ಲ, ರೋಗದ ಮೂಲವೇ ಎಂಬುದು ಸ್ಪಷ್ಟವಾಗುತ್ತ ಬಂತು. ಇಬ್ಬರ ಹೆಸರನ್ನೂ ಸೇರಿಸಿ 'ಲೀಶ್ಮೇನಿಯಾ ಡೊನೊವನಿ' ಎಂದು ನಾಮಕರಣ ಮಾಡಿದವರು ರೊನಾಲ್ಡ್ ರಾಸ್. ಇವರು ನಮಗೆ ಅಪರಿಚಿತರಲ್ಲ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದಾಗಲೇ, ನಿಂತ ನೀರನ್ನು ತಪ್ಪಿಸಿದರೆ ಸೊಳ್ಳೆ ಕಡಿಮೆಯಾಗುತ್ತದೆಂಬುದನ್ನು ಗಮನಿಸಿದ್ದರು.

ನಾನು ಬಿ.ಎಸ್ಸಿ. ಓದುವಾಗ ರಕ್ತದ ಸ್ಲೈಡಿಗೆ 'ಲೀಶ್ಮನ್ ಬಣ್ಣ' ಹಾಕುತ್ತಿದ್ದೆವು. ಅಂಗಿಗೆ ಬಿದ್ದ ನೇರಳೆ ಕಲೆಗೆ ಬೈದುಕೊಂಡಿದ್ದೇ ಹೊರತು, ಆ ಹೆಸರು ಯಾರದೆಂದು ಕೇಳಿರಲಿಲ್ಲ!

1920ರ ದಶಕದಲ್ಲಿ ಉಪೇಂದ್ರನಾಥ ಬ್ರಹ್ಮಚಾರಿಯವರ ಯೂರಿಯಾ ಸ್ಟಿಬಮಿನ್ ಅಸಂಖ್ಯಾತ ಜೀವಗಳನ್ನು ಉಳಿಸಿತು. ಈಗ ಬೆರಳ ತುದಿಯ ಒಂದು ಹನಿ ರಕ್ತವನ್ನು 'ಆರ್‌ಕೆ39' ಪಟ್ಟಿಯ ಮೇಲೆ ಹಾಕಿದರೆ ಕೆಲವೇ ನಿಮಿಷಗಳಲ್ಲಿ ಗೆರೆ ಮೂಡುತ್ತದೆ. ಆದರೆ ಒಮ್ಮೆ ಗುಣವಾದವರಲ್ಲೂ ಈ ಗೆರೆ ಬಹುಕಾಲ ಉಳಿಯುವುದರಿಂದ, ರೋಗ ಮರುಕಳಿಸಿದೆಯೇ ಎಂದು ತಿಳಿಯಲು ಗುಲ್ಮದ ಇಲ್ಲವೇ ಅಸ್ಥಿಮಜ್ಜೆಯ ಅಂಶವನ್ನೇ ನೋಡಬೇಕು. ಔಷಧಿ ಲೈಪೊಸೋಮಲ್ ಆಂಫೊಟೆರಿಸಿನ್ ಬಿ. ದೇಹದ ತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಮಿನಂತೆ, ಸಾಮಾನ್ಯವಾಗಿ ಒಂದೇ ಸಲ ರಕ್ತನಾಳಕ್ಕೆ ಹನಿಸುತ್ತಾರೆ.

ಎಲೆಕ್ಟ್ರಾನಿಕ್ ಸಿಟಿಯಿಂದ ಆಫ್ರಿಕಕ್ಕೆ ಹೋಗಿಬರುವ ಎಂಜಿನಿಯರರ ವಿಷಯ ಇದಕ್ಕಿಂತ ಅವಸರದ್ದು. ಅಲ್ಲಿಂದ ಬಂದ ಮೇಲೆ ಜ್ವರ ಕಾಣಿಸಿದರೆ ಅದು ಫಾಲ್ಸಿಪ್ಯಾರಮ್ ಮಲೇರಿಯಾ ಆಗಿರಬಹುದು. ಕೆಲವೇ ದಿನಗಳಲ್ಲಿ ಮೆದುಳಿಗೂ ಮೂತ್ರಪಿಂಡಕ್ಕೂ ಕುತ್ತು ತಂದೀತು. ಅಂದೇ ರಕ್ತಪರೀಕ್ಷೆ ಆಗಬೇಕು. ವೈದ್ಯರು ಕೇಳದಿದ್ದರೂ ಸರಿ, ಯಾವ ದೇಶ, ಯಾವ ಜಿಲ್ಲೆ, ಎಂದು ಮರಳಿದಿರಿ ಎಂಬುದನ್ನು ನೀವೇ ಹೇಳಿ.